ಪ್ರತಿನಿಧಿ ಯಾರಿಗೆ ಸೇರಿದವನು? – ಐರೋಪ್ಯ ಸಂಸತ್ತಿನಲ್ಲಿ ಐರ್ಲೆಂಡ್

‘ಪ್ರತಿನಿಧಿ’ ಎಂಬ ಶಬ್ದವನ್ನು ನಾವು ನಿತ್ಯವೂ ಬಳಸುತ್ತೇವೆ. ‘ಪ್ರತಿ’, ‘ನಿ’ ಎಂಬ ಉಪಸರ್ಗಗಳು ‘ಧಾ’ ಧಾತುವಿನೊಡನೆ ಕೂಡಿ ಈ ಪದವು ನಿಷ್ಪನ್ನವಾಗಿದೆ. ಒಬ್ಬರ ಸ್ಥಾನದಲ್ಲಿ ಇರಿಸಲ್ಪಟ್ಟವನು ಎಂಬುದೇ ಇದರ ಅರ್ಥ. ಹಾಗಾದರೆ ಅನೇಕ ರಾಷ್ಟ್ರಗಳು ಒಂದುಗೂಡಿದ ಸಭೆಯಲ್ಲಿ ಕುಳಿತವನು ಯಾರ ಸ್ಥಾನದಲ್ಲಿ ಕುಳಿತಿದ್ದಾನೆ? ನಾಡಿನದೋ, ತಾನು ನಂಬಿದ ತತ್ತ್ವದ್ದೋ? ವಿದ್ಯಾರ್ಥಿಗಳು ಆಲೋಚಿಸಬೇಕಾದ ಈ ಪ್ರಶ್ನೆಗೆ ಐರ್ಲೆಂಡ್ ದೇಶವು ಒಳ್ಳೆಯ ನಿದರ್ಶನವಾಗಿದೆ.

ಐರ್ಲೆಂಡ್ ಐರೋಪ್ಯ ಸಮುದಾಯವನ್ನು ಸೇರಿದುದು 1973ರಲ್ಲಿ. ಮೊದಲಿಗೆ ಅದರ ಸಂಸತ್ತೇ ತನ್ನ ಸದಸ್ಯರಲ್ಲಿ 10 ಮಂದಿಯನ್ನು ನಿಯೋಜಿಸಿ ಕಳುಹಿಸುತ್ತಿತ್ತು. 1979ರ ಜೂನ್ ತಿಂಗಳಲ್ಲಿ ಪ್ರಜೆಗಳೇ ನೇರವಾಗಿ 15 ಪ್ರತಿನಿಧಿಗಳನ್ನು ಆರಿಸಿದರು. ಹೊಸ ರಾಷ್ಟ್ರಗಳು ಬಂದು ಸೇರಿದಂತೆಲ್ಲ ಈ ಸಂಖ್ಯೆ ಇಳಿಯುತ್ತ 2014ರಲ್ಲಿ 11 ಆಯಿತು. 2020ರಲ್ಲಿ ಬ್ರಿಟನ್ ಹೊರನಡೆದ ಬಳಿಕ 13ಕ್ಕೆ ಏರಿತು. 2024ರ ಚುನಾವಣೆಯಲ್ಲಿ ಒಟ್ಟು 720 ಸ್ಥಾನಗಳ ಪೈಕಿ ಐರ್ಲೆಂಡಿಗೆ 14 ದೊರೆತವು.

ಸ್ಥಾನಗಳನ್ನು ಕೇವಲ ಜನಸಂಖ್ಯೆಯನ್ನು ಅನುಸರಿಸಿ ಹಂಚಿಲ್ಲ. ಯಾವ ರಾಷ್ಟ್ರಕ್ಕೂ 6ಕ್ಕಿಂತ ಕಡಿಮೆ ಇರಲಾಗದು, 96ನ್ನು ಮೀರಲಾಗದು. ಆದ್ದರಿಂದ ಜರ್ಮನಿಯ ಒಬ್ಬ ಸದಸ್ಯನು ಎಂಟು ಲಕ್ಷಕ್ಕೂ ಮಿಗಿಲಾದ ಜನರಿಗೆ ಪ್ರತಿನಿಧಿಯಾದರೆ, ಐರ್ಲೆಂಡಿನ ಸದಸ್ಯನು ನಾಲ್ಕು ಲಕ್ಷಕ್ಕಿಂತ ಕಡಿಮೆ ಜನರಿಗೆ ಪ್ರತಿನಿಧಿ. ದೊಡ್ಡವರ ದನಿಯಲ್ಲಿ ಸಣ್ಣವರ ದನಿ ಅಡಗಿಹೋಗದಿರಲೆಂದೇ ಈ ಏರ್ಪಾಡು.

ಐರ್ಲೆಂಡಿನ ಮತದಾರನು ಅಭ್ಯರ್ಥಿಗಳ ಹೆಸರಿನ ಮುಂದೆ ತನ್ನ ಒಲವಿನ ಕ್ರಮದಲ್ಲಿ 1, 2, 3 ಎಂದು ಅಂಕಿಗಳನ್ನು ಬರೆಯುತ್ತಾನೆ. ಗೆದ್ದವನಿಗೆ ಬೇಕಾದುದಕ್ಕಿಂತ ಹೆಚ್ಚಾಗಿ ಬಂದ ಮತಗಳೂ ಕಡೆಯವನಾಗಿ ಸೋತವನ ಮತಗಳೂ ವ್ಯರ್ಥವಾಗದೆ ಮುಂದಿನ ಆಯ್ಕೆಗೆ ವರ್ಗಾವಣೆಯಾಗುತ್ತವೆ. ಈ ಪದ್ಧತಿ ನಮಗೆ ಅಪರಿಚಿತವೇನಲ್ಲ. ನಮ್ಮ ವಿಧಾನಸಭೆಯ ಸದಸ್ಯರು ರಾಜ್ಯಸಭೆಗೆ ಪ್ರತಿನಿಧಿಗಳನ್ನು ಆರಿಸುವುದೂ ಹೀಗೆಯೇ.

ಇನ್ನು ಸಭೆಯೊಳಗಿನ ಕ್ರಮವನ್ನು ನೋಡೋಣ. ಸ್ಟ್ರಾಸ್‌ಬರ್ಗ್ ನಗರದ ಆ ಸಭಾಂಗಣದಲ್ಲಿ ಸದಸ್ಯರು ದೇಶಾನುಸಾರವಾಗಿ ಕುಳಿತುಕೊಳ್ಳುವುದಿಲ್ಲ, ತತ್ತ್ವಾನುಸಾರವಾಗಿ ಕುಳಿತುಕೊಳ್ಳುತ್ತಾರೆ. ಒಂದು ಗುಂಪು ರಚನೆಯಾಗಬೇಕಾದರೆ ಕನಿಷ್ಠ 23 ಸದಸ್ಯರಿರಬೇಕು. ಅವರು ಸದಸ್ಯ ರಾಷ್ಟ್ರಗಳ ನಾಲ್ಕನೆಯ ಒಂದು ಭಾಗದಷ್ಟು ರಾಷ್ಟ್ರಗಳಿಂದಾದರೂ ಬಂದವರಾಗಿರಬೇಕು. ಆದ್ದರಿಂದ ಒಂದೇ ನಾಡಿನ ಸದಸ್ಯರು ಬೇರೆ ಬೇರೆ ಗುಂಪುಗಳಲ್ಲಿ ಹಂಚಿಹೋಗಿರುವರು. ಮತ ನೀಡುವಾಗ ಅವರು ಯಾರ ಆದೇಶಕ್ಕೂ ಬದ್ಧರಲ್ಲವೆಂದು ನಿಯಮವೇ ಸಾರುತ್ತದೆ.

ಹಾಗೆಂದು ನಾಡು ಮರೆಯಾಯಿತೆ? ಇಲ್ಲ, ಅದು ನುಡಿಯಲ್ಲಿ ಉಳಿದಿದೆ. ಸಂಸತ್ತಿನ 24 ಅಧಿಕೃತ ಭಾಷೆಗಳಲ್ಲಿ ಯಾವುದರಲ್ಲಾದರೂ ಸದಸ್ಯನು ಮಾತನಾಡಬಹುದು. ನಿತ್ಯವ್ಯವಹಾರದಲ್ಲಿ ಇಂಗ್ಲಿಷಿನ ಭಾರಕ್ಕೆ ಕುಗ್ಗಿದ ಐರಿಷ್ ಭಾಷೆಗೆ ಈ ಪಟ್ಟಿಯಲ್ಲಿ ಸ್ಥಾನ ದೊರೆತುದು 2007ರಲ್ಲಿ. ಅನುವಾದಕರ ಕೊರತೆಯಿಂದ ಎಲ್ಲ ಕಾಗದಪತ್ರಗಳೂ ಅದರಲ್ಲಿ ಸಿದ್ಧವಾಗುತ್ತಿರಲಿಲ್ಲ. ಆ ವಿನಾಯಿತಿ ಕೊನೆಗೊಂಡು ಪೂರ್ಣ ಸಮಾನತೆ ಲಭಿಸಿದುದು 2022ರ ಜನವರಿ 1ರಂದು. ಹದಿನೈದು ವರ್ಷ ಭಾಷಾಂತರಕಾರರನ್ನು ಸಿದ್ಧಪಡಿಸಿದ ಮೇಲೆ ದೊರೆತ ಗೌರವವಿದು. ಭಾಷೆಗೆ ಪದವಿ ಘೋಷಣೆಯಿಂದ ಬಂದರೂ, ಅದು ನಿಲ್ಲುವುದು ಕಲಿತವರ ದುಡಿಮೆಯಿಂದ ಎಂಬುದನ್ನು ಕನ್ನಡದ ಮಕ್ಕಳು ಗಮನಿಸಬೇಕು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಪ್ರತಿನಿಧಿಯನ್ನು ನಾಡು ಕಳುಹಿಸುತ್ತದೆ, ತತ್ತ್ವವು ಕೂಡಿಸುತ್ತದೆ, ಅಂತಃಕರಣವು ನಡೆಸುತ್ತದೆ. ಅವನಿಗೆ ಇಷ್ಟು ಸ್ವಾತಂತ್ರ್ಯವಿರುವುದರಿಂದಲೇ ಕಳುಹಿಸಿದವರ ಹೊಣೆ ಹಿರಿದು. ಐದು ವರ್ಷಕ್ಕೊಮ್ಮೆ ಅಂಕಿ ಬರೆದು ಮನೆಗೆ ಮರಳಿದರೆ ಸಾಲದು. ತಮ್ಮ ಸ್ಥಾನದಲ್ಲಿ ಇರಿಸಿದವನು ಅಲ್ಲಿ ಏನು ನುಡಿದನೆಂದು ಅವರು ಕೇಳುತ್ತಿರಬೇಕು. ನಾಳೆ ಮತದಾರರಾಗುವ ನೀವೂ ಈ ಕೇಳುವ ಅಭ್ಯಾಸವನ್ನು ಇಂದೇ ಬೆಳೆಸಿಕೊಳ್ಳಿರಿ.