ಬಿಳಿ ಅಂಗಿ ತಂಪು, ಆದರೆ ಬಿಸಿಲಿಗೆ ತಡೆಯಲ್ಲ

ಬೇಸಿಗೆ ಬಂತೆಂದರೆ ವಿಜಯಪುರದ ಪೇಟೆಯಲ್ಲೂ ತಿಕೋಟಾ, ಬಬಲೇಶ್ವರದ ತೋಟಗಳಲ್ಲೂ ತೆಳ್ಳನೆಯ ಬಿಳಿ ಹತ್ತಿ ಬಟ್ಟೆಯೇ ಕಾಣುತ್ತದೆ. ಸೆಕೆಗೆ ಅದು ಸರಿ. ಆದರೆ ಚರ್ಮವನ್ನು ಕೆಡಿಸುವ ನೇರಳಾತೀತ ಕಿರಣ ಕಣ್ಣಿಗೆ ಕಾಣದು, ಬಿಸಿಯಾಗಿಯೂ ತಾಗದು. ಮೈ ತಂಪಾಗಿದೆ ಎಂದ ಮಾತ್ರಕ್ಕೆ ಕಿರಣ ತಡೆದಿದೆ ಎಂದಲ್ಲ. ಬಟ್ಟೆಯ ತಡೆಶಕ್ತಿಯನ್ನು ಅಳೆಯುವ ಯುಪಿಎಫ್ 50 ಇದ್ದರೆ ಐವತ್ತರಲ್ಲಿ ಒಂದು ಪಾಲು ಮಾತ್ರ ಒಳಬರುತ್ತದೆ. ಮಾಮೂಲಿ ಬಿಳಿ ಹತ್ತಿ ಟೀ ಶರ್ಟಿನದು ಬರೀ 5ರಿಂದ 7. ಹಿರಿಯರೂ ಬಿಳಿಯನ್ನೇ ಉಟ್ಟರಲ್ಲ ಎಂದು ಕೇಳುವವರಿದ್ದಾರೆ. ಬ್ಲೀಚ್ ಮಾಡದ ಹತ್ತಿಯಲ್ಲಿ ಕಿರಣ ಹೀರುವ ಸಹಜ ಬಣ್ಣವಸ್ತು ಇರುತ್ತದೆ, ತಲೆಗೆ ಸುತ್ತುವ ಪಟಗಾದಲ್ಲಿ ಹಲವು ಸುತ್ತುಗಳಿರುತ್ತವೆ. ಬ್ಲೀಚ್ ಮಾಡಿದ ಇಂದಿನ ತೆಳು ಬಟ್ಟೆಯಲ್ಲಿ ಎರಡೂ ಇಲ್ಲ.

ಮೊದಲು ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ. ನೇಯ್ಗೆಯ ನಡುವೆ ಬೆಳಕಿನ ಚುಕ್ಕೆ ಕಂಡರೆ ಹೊಲಕ್ಕೆ ಅದು ಬೇಡ. ಒತ್ತಾಗಿ ನೇಯ್ದದ್ದನ್ನು ಆರಿಸಿ, ಎರಡು ಮೂರು ಸಲ ಬಿಸಿನೀರಿನಲ್ಲಿ ಒಗೆಯಿರಿ. ಗಂಜಿ ಬಿಡುತ್ತದೆ, ನೂಲು ಕುಗ್ಗಿ ಸಂದು ಮುಚ್ಚುತ್ತದೆ. ಆದ್ದರಿಂದ ಅಂಗಿಯನ್ನು ಒಂದಿಷ್ಟು ಸಡಿಲವಾಗಿಯೇ ಹೊಲಿಸಬೇಕು. ಮುಂದಿನದು ಬಣ್ಣ. ನಮ್ಮಲ್ಲಿ ತಿಪ್ಪೆಗೆ ಹೋಗುವ ದಾಳಿಂಬೆ ಸಿಪ್ಪೆಯ ಒಗರಿನಲ್ಲಿರುವ ಟ್ಯಾನಿನ್ ನೇರಳಾತೀತ ಕಿರಣವನ್ನು ಹೀರುತ್ತದೆ. ಕಾಲು ಕಿಲೋ ಬಟ್ಟೆಗೆ ಅಷ್ಟೇ ತೂಕದ ಒಣಸಿಪ್ಪೆಯನ್ನು ರಾತ್ರಿ ನೆನೆಹಾಕಿ, ಕುದಿಸಿ, ಸೋಸಿ. ಆ ಕಷಾಯದಲ್ಲಿ ಒದ್ದೆ ಬಟ್ಟೆಯನ್ನು ಸಣ್ಣ ಉರಿಯಲ್ಲಿ ಒಂದು ತಾಸು ಇಟ್ಟು, ಹಿಂಡಿ, ಸುಮಾರು 25 ಗ್ರಾಂ ಪಟಿಕ ಕರಗಿಸಿದ ಬೆಚ್ಚನೆಯ ನೀರಿನಲ್ಲಿ ಅರ್ಧ ತಾಸು ಮುಳುಗಿಸಿ. ಸ್ಟೀಲ್ ಪಾತ್ರೆಯೇ ಬೇಕು, ಕಬ್ಬಿಣದ್ದಾದರೆ ಹಳದಿ ಕಪ್ಪಿಡುತ್ತದೆ. ನೆರಳಲ್ಲಿ ಒಣಗಿಸಿ.

ಇಷ್ಟೆಲ್ಲ ಮಾಡಿಯೂ ಬಹಳ ಜನ ಎಡವುವುದು ನೀರಿನಲ್ಲಿ. ದ್ರಾಕ್ಷಿ ಬಳ್ಳಿ ಸವರುವ ಏಪ್ರಿಲ್ ಚಾಟ್ನಿಯ ಹೊತ್ತಿಗೆ ರುಮಾಲನ್ನು ನೆನೆಸಿ ತಲೆ, ಭುಜದ ಮೇಲೆ ಹೊದ್ದುಕೊಳ್ಳುತ್ತಾರೆ. ಒಣ ಹತ್ತಿಯ ಎಳೆಗಳ ನಡುವಿನ ಗಾಳಿ ಬೆಳಕನ್ನು ಚದುರಿಸುತ್ತದೆ. ಆ ಜಾಗವನ್ನು ನೀರು ತುಂಬಿದಾಗ ಬಟ್ಟೆ ಪಾರದರ್ಶಕವಾಗುತ್ತದೆ, ಬಿಳಿ ಟೀ ಶರ್ಟಿನ ಯುಪಿಎಫ್ 3ರ ಆಸುಪಾಸಿಗೆ ಇಳಿಯುತ್ತದೆ. ಬೆವರಿಗೂ ಇದೇ ಮಾತು. ಹಾಗಾದರೆ ತಂಪು ಬೇಡವೇ? ಖಂಡಿತ ಬೇಕು, ಬಿಸಿಲಾಘಾತ ಜೀವಕ್ಕೇ ಎರವಾಗಬಲ್ಲದು. ಒದ್ದೆ ವಸ್ತ್ರ ಒಳಗಿರಲಿ, ಅದರ ಮೇಲೆ ಒಣಗಿದ, ಬಣ್ಣದ, ದಪ್ಪ ರುಮಾಲು ಬರಲಿ. ಒಳಗಿನ ಪಸೆ ಹತ್ತಿ ಮೇಲಿನದೂ ತೊಯ್ದರೆ ಅದನ್ನು ಬದಲಿಸಿ. ಹೊಲಕ್ಕೆ ಹೋಗುವಾಗ ಇನ್ನೊಂದು ಒಣ ರುಮಾಲು ಜೊತೆಗಿರಬೇಕು. ಗಾಢ ಬಣ್ಣ ಕಾವು ಹೀರುತ್ತದೆಂಬ ಆಕ್ಷೇಪ ಸುಳ್ಳಲ್ಲ. ಅದಕ್ಕೇ ಕಪ್ಪನ್ನು ಬಿಟ್ಟು ನಡುತರದ ಬಣ್ಣವನ್ನು, ಗಾಳಿಯಾಡುವಷ್ಟು ಸಡಿಲವಾಗಿ ತೊಡಿ.

ಬಿಳಿಯೇ ಬೇಕೆನ್ನುವವರು ರಾಣಿಪಾಲ್‌ನಂಥ ಹೊಳಪುಪುಡಿ ಬಳಸಬಹುದು, ಅದು ಕಿರಣವನ್ನು ಸ್ವಲ್ಪ ಹೀರುತ್ತದೆ. ಬರೀ ನೀಲಿ ಹಾಕಿದರೆ ಆ ಲಾಭ ಸಿಗದು. ಬ್ಲೀಚ್ ಬೇಡ. ಬಣ್ಣ ಮಾಸಿದಾಗ ಸಿಪ್ಪೆಯ ಕಷಾಯವನ್ನು ಮತ್ತೊಮ್ಮೆ ಹಾಕಿ.