ಮಾದಪ್ಪನ ಹುಲಿ ಕಲಿಸುವ ಪಾಠ

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಶ್ರೀ ಮಲೆ ಮಹದೇಶ್ವರ ಸ್ವಾಮಿಯ ಪಟ ಇಲ್ಲದ ಮನೆ ಸಿಗುವುದು ಕಷ್ಟ. ಶಾಗ್ಯದಂಥ ಊರುಗಳಲ್ಲಿ ಬೆಳಗಾಗೆದ್ದು ಮೊದಲು ಕೈ ಮುಗಿಯುವುದು ಆ ಪಟಕ್ಕೇ. ಪಟದಲ್ಲಿ ಸ್ವಾಮಿ ಹುಲಿಯ ಮೇಲೆ ಕೂತಿದ್ದಾನೆ. ಬೆಟ್ಟದಲ್ಲಿ 2023ರಲ್ಲಿ ಲೋಕಾರ್ಪಣೆಯಾದ 108 ಅಡಿ ಎತ್ತರದ ವಿಗ್ರಹದಲ್ಲೂ ಹುಲಿಯೇ ವಾಹನ. ಹರಕೆ ಹೊತ್ತ ಭಕ್ತರು ಹುಲಿವಾಹನ ಸೇವೆ ಮಾಡಿಸಿ ಉಘೇ ಅಂತಾರೆ. ಆದರೆ ಸ್ವಾಮಿ ಹುಲಿಯನ್ನೇ ಯಾಕೆ ಏರಿದ ಅಂತ ಮಕ್ಕಳು ಕೇಳಿದರೆ, ಹಿರಿಯರು ಬಹಳ ಸಲ ಸುಮ್ಮನಾಗಿಬಿಡುತ್ತಾರೆ.

ವಾಹನದ ಅರ್ಥ

ಕೈಲಾಸದ ಶಿವ ಹುಲಿಯ ಚರ್ಮದ ಮೇಲೆ ಕೂರುತ್ತಾನೆ. ಮಾದಪ್ಪ ಕೂತಿರುವುದು ಜೀವಂತ ಹುಲಿಯ ಮೇಲೆ. ಇದನ್ನು ಭಕ್ತಾದಿಗಳು ಗಮನಿಸಬೇಕು. ಹುಲಿ ಅಂದರೆ ಮನುಷ್ಯನ ಒಳಗಿನ ಸಿಟ್ಟು, ಸೊಕ್ಕು, ಆಸೆ. ಅದನ್ನು ಸಾಯಿಸುತ್ತೇನೆ ಅಂತ ಹೊರಟವರಿಗೆ ಅದು ಸಾಯುವುದಿಲ್ಲ, ಹಂಗೇ ಬಿಟ್ಟವರನ್ನು ಅದೇ ತಿಂದುಬಿಡುತ್ತದೆ. ಸ್ವಾಮಿ ಹುಲಿಯನ್ನು ಕೊಲ್ಲಲಿಲ್ಲ, ಅದಕ್ಕೆ ಹೆದರಿ ಓಡಲೂ ಇಲ್ಲ. ಪಳಗಿಸಿ ಮೇಲೆ ಕೂತ. ಸಿಟ್ಟು ಮನುಷ್ಯನ ಮೇಲೆ ಕೂರಬಾರದು, ಮನುಷ್ಯ ಸಿಟ್ಟಿನ ಮೇಲೆ ಕೂರಬೇಕು. ಇದೇ ವಾಹನದ ಗುಟ್ಟು.

ಹುಲಿಯ ಗುಣ, ಮನುಷ್ಯನಿಗೆ ನೀತಿ

1. ಸೋತರೂ ಬಿಡದಿರುವುದು: ಹುಲಿ ಎರಗಿದ ಸಲವೆಲ್ಲಾ ಬೇಟೆ ಸಿಗುತ್ತದೆ ಅಂತ ಜನ ತಿಳಿದಿದ್ದಾರೆ. ನಿಜ ಹಂಗಿಲ್ಲ. ಹತ್ತು ಸಲ ಹೊಂಚು ಹಾಕಿದರೆ ಒಂದು ಸಲ ಸಿಕ್ಕುವುದೂ ಕಷ್ಟವೇ. ಸಿಗದಿದ್ದರೆ ಹುಲಿ ಮತ್ತೆ ಹೊಂಚು ಹಾಕುತ್ತದೆ. ಒಂದು ಸಲ ಫೇಲಾದ ಹುಡುಗ, ಒಂದು ಬೆಳೆ ಕೈಕೊಟ್ಟ ರೈತ ಇದನ್ನು ನೆನೆಯಬೇಕು.

2. ಉಗುರನ್ನು ಒಳಗಿಟ್ಟುಕೊಳ್ಳುವುದು: ನಡೆಯುವಾಗ ಹುಲಿ ಉಗುರನ್ನು ಒಳಕ್ಕೆ ಎಳೆದುಕೊಂಡಿರುತ್ತದೆ. ಅದರ ಹೆಜ್ಜೆ ಗುರುತಿನಲ್ಲಿ ಉಗುರು ಸಾಮಾನ್ಯವಾಗಿ ಕಾಣದು. ನಾಯಿಯ ಹೆಜ್ಜೆಯಲ್ಲಿ ಕಾಣುತ್ತದೆ. ಬಲ ಇದ್ದವನು ದಿನಾ ಬಲ ತೋರಿಸಬೇಕಾಗಿಲ್ಲ.

3. ಬೇಕಾದಷ್ಟೇ ತೆಗೆದುಕೊಳ್ಳುವುದು: ಹುಲಿ ಹೊಡೆದ ಪ್ರಾಣಿಯನ್ನು ಪೊದೆಗೆ ಎಳೆದು, ಎಲೆ ಮಣ್ಣು ಮುಚ್ಚಿ, ಮೂರು ನಾಲ್ಕು ದಿನ ಅದನ್ನೇ ತಿನ್ನುತ್ತದೆ. ಹೊಟ್ಟೆ ತುಂಬಿದ ಮೇಲೂ ಕೂಡಿಡುವ ಚಟ ಮನುಷ್ಯನದು.

4. ತಾಯಿಯ ಸಹನೆ: ಹೆಣ್ಣು ಹುಲಿ ಮೂರೂವರೆ ತಿಂಗಳಿಗೆ ಮರಿ ಹಾಕುತ್ತದೆ. ಆಮೇಲೆ ಸುಮಾರು ಎರಡು ವರ್ಷ ಒಂಟಿಯಾಗಿ ಸಾಕುತ್ತದೆ. ಬೇಟೆ ಸಿಕ್ಕರೆ ಮರಿಗಳನ್ನು ಕರೆತಂದು ತಿನ್ನಿಸುತ್ತದೆ.

ಮರೆಯಬಾರದ ದಿನ

ಈ ನಾಲ್ಕನೇ ಗುಣವೇ ಒಂದು ತಾಯಿ ಹುಲಿಗೆ ಮುಳುವಾಯಿತು. 2025ರ ಜೂನ್ 26ರಂದು ಮಲೆ ಮಹದೇಶ್ವರ ವನ್ಯಜೀವಿಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿ ಸತ್ತು ಬಿದ್ದಿದ್ದವು. ಹುಲಿ ಕೊಂದಿದ್ದ ಹಸುವಿನ ಕಳೇಬರಕ್ಕೆ ವಿಷ ಹಾಕಿದ್ದರು. ಬಿಟ್ಟುಹೋದ ಊಟಕ್ಕೆ ತಾಯಿ ಮರಿಗಳ ಸಮೇತ ವಾಪಸ್ ಬಂದಿತ್ತು.

ಪುಣ್ಯಕೋಟಿಯ ಕಥೆ ಕೇಳದ ಮಕ್ಕಳಿಲ್ಲ. ಆ ಕಥೆಯಲ್ಲಿ ಹಸುವಿನ ಸತ್ಯ ಕಂಡು ಅರ್ಬುದ ಹುಲಿಯ ಮನಸ್ಸು ಕರಗಿತು. ಇಲ್ಲಿ ಸತ್ತ ಹಸುವಿನ ಮೈಯನ್ನೇ ಮೋಸದ ಬಲೆ ಮಾಡಿದರು. ಹುಲಿಗೆ ಬಂದಷ್ಟು ಕರುಣೆ ಮನುಷ್ಯನಿಗೆ ಬರಲಿಲ್ಲ.

ಹಸು ಕಳೆದುಕೊಂಡವನ ಸಂಕಟವೂ ಸುಳ್ಳಲ್ಲ. ಕಾಡಂಚಿನ ಬಡವನಿಗೆ ಹಸುವೇ ಬ್ಯಾಂಕು, ಹಾಲೇ ಸಂಬಳ. ಅವನ ಹೊಟ್ಟೆ ಉರಿದದ್ದು ಸಹಜ. ಆದರೆ ಹಸಿದರೂ ಹುಲಿ ಹುಲ್ಲು ತಿನ್ನಲ್ಲ ಅಂತ ಗಾದೆಯೇ ಇದೆ. ಹುಲಿಗೆ ದ್ವೇಷ ಗೊತ್ತಿಲ್ಲ, ಹಸಿವು ಗೊತ್ತು. ಹಸಿವಿಗೆ ಕೊಂದ ಪ್ರಾಣಿಯನ್ನು ದ್ವೇಷಕ್ಕೆ ಕೊಂದರೆ, ಇಬ್ಬರಲ್ಲಿ ಮೃಗ ಯಾರು? ಸಿಟ್ಟಿನ ಮೇಲೆ ಕೂತ ಮಾದಪ್ಪನ ಕಾಡಿನಲ್ಲೇ ಸಿಟ್ಟು ಮನುಷ್ಯನ ಮೇಲೆ ಕೂತುಬಿಟ್ಟಿತು.

ಹುಲಿ ಇದ್ದರೆ ಕಾಡು, ಕಾಡಿದ್ದರೆ ನೀರು

ಜಿಂಕೆ, ಕಡವೆ, ಕಾಡುಹಂದಿ ಮಿತಿ ಮೀರದಂತೆ ನೋಡಿಕೊಳ್ಳುವುದು ಹುಲಿ. ಹಂದಿ ನುಗ್ಗಿದರೆ ಜೋಳದ ಹೊಲದ ಗತಿ ಏನಾಗುತ್ತದೆ ಅಂತ ಹನೂರು ಕಡೆಯ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಕಾಡು ಉಳಿದರೆ ಹಳ್ಳಕೊಳ್ಳದಲ್ಲಿ ನೀರು. ಈ ಮಲೆಯ ನೀರು ಪಾಲಾರ್ ಹಳ್ಳ ಸೇರಿ ಕಾವೇರಿಗೆ ಹೋಗುತ್ತದೆ. ಸರ್ಕಾರ 2013ರಲ್ಲಿ ಈ ಕಾಡನ್ನು ವನ್ಯಜೀವಿಧಾಮ ಮಾಡಿತು. 2022ರ ಗಣತಿಯಲ್ಲಿ ಕರ್ನಾಟಕದಲ್ಲಿ 563 ಹುಲಿ ಇದ್ದವು. ಅಂಥದ್ದರಲ್ಲಿ ಒಂದೇ ದಿನ ಐದು ಹೋದರೆ ಎಷ್ಟು ನಷ್ಟ ಅಂತ ಲೆಕ್ಕ ಹಾಕಬೇಕು.

ಭಕ್ತಾದಿಗಳು ನಡೆಸಬೇಕಾದ ಸೇವೆ

ಹುಲಿ ದನ ಹಿಡಿದರೆ ಕಳೇಬರ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಬೇಕು. ಪರಿಹಾರ ಕೊಡುವ ವ್ಯವಸ್ಥೆ ಇದೆ. ತಡವಾದರೆ ಊರಿನವರೆಲ್ಲ ಒಟ್ಟಾಗಿ ಕೇಳಬೇಕು, ನೊಂದವನನ್ನು ಒಂಟಿಯಾಗಿ ಬಿಡಬಾರದು. ಹೊತ್ತು ಮುಳುಗುವ ಮುಂಚೆ ದನಗಳನ್ನು ಕೊಟ್ಟಿಗೆಗೆ ಸೇರಿಸಬೇಕು. ಕಾಲ್ನಡಿಗೆಯಲ್ಲಿ ಬರುವವರು ಇಲಾಖೆಯವರು ಹೇಳಿದ ಹೊತ್ತು, ಹೇಳಿದ ದಾರಿ ಮೀರಬಾರದು. ಗುಂಪು ಬಿಟ್ಟು ಹೋಗಬಾರದು. ಪ್ಲಾಸ್ಟಿಕ್ಕು, ಉಳಿದ ಅನ್ನ ಕಾಡಿನಲ್ಲಿ ಎಸೆಯಬಾರದು. ಬೀಡಿ ಬೆಂಕಿ ಬೇಡ.

ಹುಲಿವಾಹನಕ್ಕೆ ಹೂವು ಹಾಕಿ, ಕಾಡಿನ ಹುಲಿಗೆ ವಿಷ ಹಾಕಿದರೆ ಆ ಸೇವೆ ಸ್ವಾಮಿಗೆ ಸಲ್ಲುವುದಿಲ್ಲ. ಬೆಟ್ಟ ಇಳಿದು ಹೋಗುವಾಗ ಪ್ರಸಾದದ ಜೊತೆ ಇದೊಂದು ಮಾತನ್ನೂ ಮನೆಗೆ ಕೊಂಡೊಯ್ಯಬೇಕು, ಮಕ್ಕಳಿಗೆ ಹೇಳಬೇಕು.

ಉಘೇ ಉಘೇ ಮಾದಪ್ಪ!