ಹೋಗೋ ಮುಂಚೆ ಒಂದ್ಸಲ ಹೋಗಿ ಬನ್ನಿ

ನಮ್ಮ ಕಾಲೇಜಿನಲ್ಲಿ ಪ್ರತಿ ವರ್ಷ ಒಬ್ಬಿಬ್ಬರು ಸೀನಿಯರ್‌ಗಳಾದರೂ ಕೀನ್ಯಾ, ಪೆರು ಅಂತ ವಾಲಂಟಿಯರಿಂಗ್‌ಗೆ ಅರ್ಜಿ ಹಾಕ್ತಾರೆ. ಅಲ್ಲಿನ ಮೂಲನಿವಾಸಿಗಳ ಜೊತೆ ಇರೋಕೆ ಯಾವ ಲಸಿಕೆ, ಯಾವ ಶೂ, ಎಷ್ಟು ಲೀಟರಿನ ಬ್ಯಾಗು ಅಂತ ಹಾಸ್ಟೆಲ್‌ನಲ್ಲಿ ರಾತ್ರಿಯೆಲ್ಲಾ ಚರ್ಚೆ. ನಾವು ಆರು ಜನ ಹೋಗಬೇಕು ಅಂದುಕೊಂಡಿದ್ದು ಅಷ್ಟು ದೂರ ಅಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಕಾಡಂಚಿನಲ್ಲಿ ಹಸಲರು ಅನ್ನೋ ಬುಡಕಟ್ಟಿನವರ ಕೇರಿಗಳಿವೆ. ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಅವರ ಹೆಸರಿದೆ. ನಮ್ಮಲ್ಲಿ ಇಬ್ಬರು ಇದೇ ಶಿವಮೊಗ್ಗ ಜಿಲ್ಲೆಯವರು. ಇಂಗ್ಲಿಷ್ ಮೀಡಿಯಂ ಸ್ಕೂಲಿನಲ್ಲಿ ಅಮೆಜಾನ್ ಬುಡಕಟ್ಟುಗಳ ಬಗ್ಗೆ ಚಾರ್ಟ್ ಮಾಡಿ ಬಹುಮಾನ ತಗೊಂಡವರಿಗೆ ಹಸಲರು ಅನ್ನೋ ಹೆಸರು ಗೊತ್ತಾಗಿದ್ದು ಮಾತ್ರ ಸೆಕೆಂಡ್ ಇಯರ್‌ನಲ್ಲಿ!

ಜನವರಿ ರಜೆಯಲ್ಲಿ ಹತ್ತು ದಿನ ಒಂದು ಕೇರಿಯಲ್ಲಿ ಉಳಿದು ಪಿಕೋ ಹೈಡ್ರೋ ಟರ್ಬೈನ್ ಕೂರಿಸೋದು ಅಂತ ನಮ್ಮ ಪ್ಲಾನ್. ಆಗಸ್ಟ್‌ನಲ್ಲಿ ಜಾಗ ನೋಡೋಕೆ ಅಂತ ಒಂದು ಶನಿವಾರ ಹೋದ್ವಿ. (ಕೇರಿಯ ಹೆಸರು ಬರೆಯಲ್ಲ, ಅವರನ್ನ ಕೇಳಿಲ್ಲ.) ಮನೆಗಳ ಹಿಂದೇನೇ ಹಳ್ಳ ಭೋರ್ಗರೆಯುತ್ತಿತ್ತು. ಪೈಪ್ ಇಟ್ಟು ನೋಡಿದರೆ 20 ಲೀಟರ್ ಬಕೆಟ್ 4 ಸೆಕೆಂಡಿಗೆ ತುಂಬಿತು, ಅಂದರೆ ಸೆಕೆಂಡಿಗೆ 5 ಲೀಟರ್. ನೀರು ಬೀಳೋ ಎತ್ತರ ಸುಮಾರು 20 ಮೀಟರ್. 5 × 9.81 × 20, ಹತ್ತಿರ ಹತ್ತಿರ 981 ವ್ಯಾಟ್. ಅರ್ಧ ನಷ್ಟ ಅಂದರೂ 490 ವ್ಯಾಟ್ ಸಿಗುತ್ತೆ, 9 ವ್ಯಾಟಿನ ಐವತ್ತಕ್ಕೂ ಹೆಚ್ಚು ಬಲ್ಬು ಉರಿಯುತ್ತೆ ಅಂತ ಅಲ್ಲೇ ಮೊಬೈಲಿನಲ್ಲಿ ಲೆಕ್ಕ ಹಾಕಿ ಕುಣಿದುಬಿಟ್ವಿ.

ಬುಟ್ಟಿ ಹೆಣೀತಾ ಕೂತಿದ್ದ ಒಬ್ಬ ಅಜ್ಜಿ ಎಲ್ಲಾ ನೋಡ್ತಿದ್ದರು. "ಶಿವರಾತ್ರಿ ಕಳೆದ್ಮೇಲೆ ಬಂದು ನೋಡಿ ಮಾರಾಯ್ರೆ. ದನ ದಾಟಿದ್ರೂ ಗೊರಸು ನೆನೆಯಲ್ಲ ಇಲ್ಲಿ" ಅಂದರು. ಫ್ಲೋ ಅನ್ನು ಬೇಸಿಗೆಯಲ್ಲಿ ಅಳೀಬೇಕು ಅನ್ನೋದು ನಮಗೆ ಹೊಳೆದಿರಲೇ ಇಲ್ಲ. ಮಳೆಗಾಲಕ್ಕಾದರೂ ಆಗುತ್ತಲ್ಲ ಅಂತ ವಾದ ಮಾಡಿದ್ವಿ. "ಕೆಟ್ರೆ ಯಾರು ಸರಿ ಮಾಡೋದು? ನೀವು ಬರ್ತೀರಾ?" ಅಂದರು. ನಾವು ಮುಖ ಮುಖ ನೋಡಿಕೊಂಡ್ವಿ. ಜನವರಿ ಹೊತ್ತಿಗೆ ನಮಗೆ ನಾಲ್ಕನೇ ಸೆಮ್ ಹತ್ತಿರ ಬಂದಿರುತ್ತೆ, ಆಮೇಲೆ ಇಂಟರ್ನ್‌ಶಿಪ್, ಆಮೇಲೆ ಪ್ಲೇಸ್‌ಮೆಂಟ್. ಆಗ ಪಕ್ಕದಲ್ಲಿದ್ದ ಇನ್ನೊಬ್ಬರು, ಇಲ್ಲಿಗೆ ಮುಂಚೇನೂ ಕಾಲೇಜಿನವರು ಬಂದು ಫಾರಂ ತುಂಬಿಸ್ಕೊಂಡು, ಫೋಟೋ ಹೊಡ್ಕೊಂಡು ಹೋದವರು ತಿರುಗಿ ಬಂದಿಲ್ಲ ಅಂದರು. ಬೈದು ಹೇಳಲಿಲ್ಲ, ಚಹಾ ಕೊಡ್ತಾ ಹೇಳಿದರು. ಅದೇ ಜಾಸ್ತಿ ನಾಚಿಕೆಯಾಗಿದ್ದು.

ಈ ತಪ್ಪು ನಮ್ಮದು ಮಾತ್ರ ಅಲ್ಲ, ದೊಡ್ಡವರೂ ಮಾಡಿದ್ದಾರೆ. ಮಕ್ಕಳು ಆಡೋ ತಿರುಗುಚಕ್ರದಿಂದ ನೀರೆತ್ತುವ ಪ್ಲೇಪಂಪ್ ಅನ್ನೋ ಯೋಜನೆ ಆಫ್ರಿಕಾದಲ್ಲಿ ಬಂತು. 2010ರೊಳಗೆ 4000 ಹಾಕ್ತೀವಿ ಅಂತ 2006ರಲ್ಲಿ ಘೋಷಣೆ ಆಯ್ತು. ಮಕ್ಕಳು ದಿನವಿಡೀ ಆಡಲ್ಲ ಅಲ್ವಾ? ಎಷ್ಟೋ ಕಡೆ ಹೆಂಗಸರೇ ಬಗ್ಗಿ ಆ ಚಕ್ರ ತಳ್ಳಬೇಕಾಯ್ತು. ಅದನ್ನ ಕೂರಿಸೋಕೆ ಚೆನ್ನಾಗಿದ್ದ ಕೈಪಂಪುಗಳನ್ನೇ ಕಿತ್ತಿದ್ದ ಊರುಗಳೂ ಇದ್ದವು.

ಹಾಗಾದರೆ ನಮ್ಮಿಂದ ಏನಾದರೂ ಉಪಯೋಗ ಇದೆಯಾ ಅಂತ ಕೊನೆಗೆ ಕೇಳಿದ್ವಿ. ಇದನ್ನ ಮೊದಲೇ ಕೇಳಬೇಕಿತ್ತು. ಒಬ್ಬರು ಒಳಗಿಂದ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟಿದ್ದ ಕಾಗದಗಳನ್ನು ತಂದರು. 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿ. 75 ವರ್ಷದ ದಾಖಲೆ ಬೇಕು ಅಂತ ಯಾರೋ ಹೇಳಿ ವಾಪಸ್ ಕಳಿಸಿದ್ದರಂತೆ. ನಾವು ಹಾಸ್ಟೆಲ್‌ಗೆ ಬಂದು ಕಾಯ್ದೆ ಓದಿದ್ವಿ. ಮೂರು ತಲೆಮಾರು, 75 ವರ್ಷ ಅನ್ನೋ ಷರತ್ತು ಇರೋದು ಇತರೆ ಪಾರಂಪರಿಕ ಅರಣ್ಯವಾಸಿಗಳಿಗೆ. ಪರಿಶಿಷ್ಟ ಪಂಗಡದವರಿಗೆ ಅದಿಲ್ಲ. ಅವರು 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಆ ಜಾಗದಲ್ಲಿರಬೇಕು, ಹಕ್ಕು 4 ಹೆಕ್ಟೇರ್ ಮೀರಬಾರದು. ಊರಿನ ಹಿರಿಯರ ಹೇಳಿಕೆಯನ್ನ ಬರೆದುಕೊಂಡರೆ ಅದೂ ಒಂದು ಸಾಕ್ಷ್ಯ. ಆದರೆ ಒಂದಕ್ಕಿಂತ ಹೆಚ್ಚು ಸಾಕ್ಷ್ಯ ಬೇಕು. ಅರ್ಜಿ ಮೊದಲು ಗ್ರಾಮಸಭೆಗೆ, ಆಮೇಲೆ ಉಪವಿಭಾಗ ಮಟ್ಟದ ಸಮಿತಿಗೆ, ಕೊನೆಗೆ ಜಿಲ್ಲಾ ಸಮಿತಿಗೆ ಹೋಗುತ್ತೆ. ಕನ್ನಡದಲ್ಲಿ ಕಾಯ್ದೆ ಓದೋದು ನಮಗೆ ಥರ್ಮೋಡೈನಮಿಕ್ಸ್‌ಗಿಂತ ಕಷ್ಟ ಆಯ್ತು, ಸುಳ್ಳು ಹೇಳಲ್ಲ. ಇಂಗ್ಲಿಷ್ ಪ್ರತಿ ಪಕ್ಕದಲ್ಲಿಟ್ಟುಕೊಂಡು ಮೂರು ರಾತ್ರಿ ಕೂತ್ವಿ.

ಜಾಗದ ನಕ್ಷೆ ಮಾಡೋಕೆ ಮೊಬೈಲ್ ಜಿಪಿಎಸ್ ಸಾಕಲ್ಲ ಅಂತ ನೀವು ಕೇಳಬಹುದು. ದಟ್ಟ ಮರದ ಕೆಳಗೆ ಅದು 10 ಮೀಟರ್ ಆಚೀಚೆ ತೋರಿಸೋದು ಮಾಮೂಲು. 10 ಗುಂಟೆ ಅಂದರೆ ಸುಮಾರು 1012 ಚದರ ಮೀಟರ್, ಚೌಕ ಅಂದುಕೊಂಡರೆ ಒಂದು ಬದಿ 32 ಮೀಟರ್ ಮಾತ್ರ. ಮೂರನೇ ಒಂದು ಭಾಗ ತಪ್ಪಿದರೆ ಪಕ್ಕದ ಮನೆಯವರ ಬಾಳೆಗಿಡಾನೂ ಇವರದ್ದಾಗುತ್ತೆ, ಜಗಳ ನಾವೇ ಹಚ್ಚಿದ ಹಾಗೆ. ಹಾಗಾಗಿ ಸರ್ವೇ ಲ್ಯಾಬಿನಲ್ಲಿ ಬೋರ್ ಅಂತ ಬೈಕೊಂಡ ಟೇಪು, ತ್ರಿಕೋನ, ಟೈ ಲೈನ್ ಇವೇ ಗತಿ. ಅಳೆಯುವಾಗ ಅಕ್ಕಪಕ್ಕದ ಮನೆಯವರು ಜೊತೆಗಿರಬೇಕು. ನಕ್ಷೆ ನಮ್ಮ ಲ್ಯಾಪ್‌ಟಾಪಿನಲ್ಲಿ ಉಳಿಯೋದಲ್ಲ, ಕಾಗದದಲ್ಲಿ ಅವರ ಕೈಗೆ ಕೊಟ್ಟು ಬರೋದು.

ಜನವರಿ ಪ್ಲಾನೂ ಬಿಟ್ಟಿದ್ದೀವಿ. ಅದು ಅಡಿಕೆ ಕೊಯ್ಲಿನ ಕಾಲ. ಹಗಲು ತೋಟದಲ್ಲಿ ಕೂಲಿ, ರಾತ್ರಿ ಅಡಿಕೆ ಸುಲಿಯೋ ಕೆಲಸ, ನಾಲ್ಕು ಕಾಸು ಜಾಸ್ತಿ ಸಿಗೋ ದಿನಗಳು. ಆಗ ಹೋಗಿ ಮಾತಾಡಿಸ್ತಾ ಕೂತರೆ ಅವರ ಕೂಲಿ ಹೋಗುತ್ತೆ. ಜೊತೆಗೆ ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಸೀಸನ್. ಈ ವೈರಸ್ ಮೊದಲು ಪತ್ತೆಯಾಗಿದ್ದು 1957ರಲ್ಲಿ, ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಇದರಿಂದ ಜನ ಸತ್ತಿದ್ದಾರೆ. ಹರಡೋದು ಉಣುಗು, ಮನುಷ್ಯರಿಂದ ಮನುಷ್ಯರಿಗಲ್ಲ. ಆ ತಿಂಗಳುಗಳಲ್ಲೇ ಯಾರಾದರೂ ಹೋಗೋದಿದ್ದರೆ ಕಾಡಿಗೆ ಇಳಿಯೋ ಮೊದಲು ಆರೋಗ್ಯ ಇಲಾಖೆಯವರು ಕೊಡೋ ಡೇಪಾ ಎಣ್ಣೆಯನ್ನ ಕೈಕಾಲಿಗೆ ಹಚ್ಚಿಕೊಳ್ಳಿ. ಒಣ ಎಲೆ ಮೇಲೆ ಕೂರಬೇಡಿ. ಬಂದ ಕೂಡಲೇ ಬಿಸಿನೀರು ಸೋಪಿನಲ್ಲಿ ಸ್ನಾನ ಮಾಡಿ, ಬಟ್ಟೆ ಒಗೆಯಿರಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಉಣುಗು ಕಚ್ಚಿ 3ರಿಂದ 8 ದಿನಕ್ಕೆ ಜ್ವರ ಬರುತ್ತೆ, ಅಷ್ಟರಲ್ಲಿ ನೀವು ವಾಪಸ್ ಹಾಸ್ಟೆಲ್‌ನಲ್ಲಿರ್ತೀರಿ. ವೈರಲ್ ಅಂತ ಮಾತ್ರೆ ನುಂಗಿ ಮಲಗದೆ, ಮಲೆನಾಡಿನ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳಿ. ಮಳೆಗಾಲದ ಉಂಬಳ ಇದರ ಮುಂದೆ ಏನೂ ಅಲ್ಲ, ಸ್ವಲ್ಪ ಸುಣ್ಣ ಸಾಕು.

ಈಗ ದಸರಾ ರಜೆಯಲ್ಲಿ ಐದೇ ದಿನ ಹೋಗ್ತಿದ್ದೀವಿ, ದಿನ ಗೊತ್ತು ಮಾಡಿದ್ದು ಅವರೇ. ಊಟದ ಅಕ್ಕಿ ಬೇಳೆ ನಾವೇ ಒಯ್ಯೋದು. ಫೋಟೋ ಇಲ್ಲ, ರೀಲ್ಸ್ ಇಲ್ಲ. ಕಾಯ್ದೆಯ ಮುಖ್ಯ ಸಾಲುಗಳನ್ನ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಇಟ್ಟುಕೊಂಡಿದ್ದೀವಿ. ಅಜ್ಜಿ ಹೇಳಿದ ಹಾಗೆ ಹಳ್ಳ ನೋಡೋಕೆ ಶಿವರಾತ್ರಿ ಆದ ಮೇಲೆ ಇಬ್ಬರು ಹೋಗಿ ಬರೋದು ಅಂತಾನೂ ಆಗಿದೆ, ಎಣ್ಣೆ ಹಚ್ಚಿಕೊಂಡು. 30 ಮೀಟರಿನ ಟೇಪು ಎರಡು ಸಿಕ್ಕಿವೆ, ರೇಂಜಿಂಗ್ ರಾಡ್ ಸಿಕ್ಕಿಲ್ಲ. ನಾವು ಆರರಲ್ಲಿ ಸಿವಿಲ್‌ನವರು ಒಬ್ಬರೇ, ಇನ್ನಿಬ್ಬರು ಬೇಕು. ಬರೋರು ಶುಕ್ರವಾರ ಸಂಜೆ ಕನ್ನಡ ಸಂಘದ ರೂಮಿಗೆ ಬನ್ನಿ. ಮುಂದಿನ ವರ್ಷಾನೂ ಬರ್ತೀರಾ ಅಂತ ಅಲ್ಲೇ ಮೊದಲು ಕೇಳ್ತೀವಿ.